ಹಸಿರು ಕಾರಿನ ಬಾಕಿ ದಾರಿ

ಹಸಿರು ಕಾರು ಹೊರಟು ಹನ್ನೊಂದು ದಿನವಾಯಿತು. ನನ್ನ ಬಲಗೈ ಇನ್ನೂ ಕಾಫಿ ಲೋಟವನ್ನು ನೆಟ್ಟಗೆ ಹಿಡಿಯುತ್ತಿಲ್ಲ. ಎದುರು ಮನೆಯ ಪಾರ್ವತಮ್ಮ ಅದನ್ನು ನೋಡಿದವರು, ಮರುದಿನದಿಂದ ಲೋಟವನ್ನು ಅರ್ಧ ಮಾತ್ರ ತುಂಬಿಸಿ, ಎರಡು ಸಲ ತಂದುಕೊಡುತ್ತಿದ್ದಾರೆ. ಇಂಥ ಸಣ್ಣ ಉಪಕಾರಗಳನ್ನು ಗುರುತಿಸುವುದರಲ್ಲಿ ನಾನು ಜಾಣೆ ಎಂದು ಎಪ್ಪತ್ತೊಂದು ವರ್ಷ ನಂಬಿಕೊಂಡಿದ್ದೆ.

ನಮ್ಮ ಊರಿನಲ್ಲಿ ಗಾಡಿ ಹೊರಡಿಸುವವರು ಮೊದಲು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಹೋಗುವ ಜಾಗವನ್ನು ಬಾಯಿಬಿಟ್ಟು ಹೇಳುತ್ತಾರೆ. ಹೇಳಿದ ಮೇಲೆ ಗಾಡಿ ಅಲ್ಲಿಗೇ ಹೋಗಬೇಕು. ನಡುವೆ ಬೇರೆ ಕಡೆ ತಿರುಗಿಸಿದರೆ ಎಂಜಿನ್ ಆರಿಹೋಗುತ್ತದೆ. ಬಸ್ಸಿನ ಡ್ರೈವರ್ ಬೆಳಿಗ್ಗೆ ನಿಲ್ದಾಣಗಳನ್ನೆಲ್ಲ ಮಗ್ಗಿ ಒಪ್ಪಿಸುವಂತೆ ಒಪ್ಪಿಸಿ ಹೊರಡುತ್ತಾನೆ. ಹೆಂಡತಿಯೆದುರು ದೇವಸ್ಥಾನ ಎಂದು ಹೇಳಿ ಸ್ಕೂಟರ್ ಹತ್ತಿದ ಗಂಡಸರು ಇಸ್ಪೀಟಿನ ಕೋಣೆಗೆ ಹೋಗುವ ಮೊದಲು ದೇವಸ್ಥಾನದ ಮುಂದೆ ಒಂದು ಗಳಿಗೆ ನಿಂತೇ ಹೋಗುತ್ತಾರೆ. ಅರ್ಚಕರು ಅವರನ್ನೂ ಕರೆದು ತೀರ್ಥ ಕೊಡುತ್ತಾರೆ. ಹೊರಗಿನಿಂದ ವರ್ಗವಾಗಿ ಬಂದವರು ಒಂದು ವಾರ ಸಿಟ್ಟು ಮಾಡಿ ಆಮೇಲೆ ಒಗ್ಗಿಕೊಳ್ಳುತ್ತಾರೆ. ಎತ್ತಿನ ಗಾಡಿಗೆ ಈ ಕಟ್ಟುಪಾಡಿಲ್ಲ.

ಯಾವುದೋ ಕಾರಣಕ್ಕೆ ತಲುಪದೆ ನಿಂತದ್ದನ್ನು ನಾವು ಬಾಕಿ ದಾರಿ ಎನ್ನುತ್ತೇವೆ. ಬಾಕಿ ದಾರಿಯಿರುವ ಗಾಡಿ ಎಷ್ಟು ವರ್ಷ ನಿಂತರೂ ಮರೆಯುವುದಿಲ್ಲ. ಮತ್ತೆ ಶುರುವಾದ ದಿನ ಮೊದಲು ಆ ದಾರಿಯನ್ನೇ ಮುಗಿಸುತ್ತದೆ. ಯಾರಾದರೂ ದಾರಿಯಲ್ಲಿ ತೀರಿಕೊಂಡರೆ ಹದಿಮೂರನೆಯ ದಿನ ಮನೆಯವರು ಅವರ ಗಾಡಿ ಹತ್ತಿ ಹೋಗಿ ಬರುತ್ತಾರೆ. ಆ ಪ್ರಯಾಣದಿಂದ ಯಾರಿಗಾದರೂ ನೋವಾಗಿದ್ದರೆ, ಆ ಮನೆಯವರೊಬ್ಬರನ್ನು ಸಾಕ್ಷಿಗೆ ಕೂರಿಸಿಕೊಳ್ಳುವುದು ಪದ್ಧತಿ.

ಕಳೆದ ತಿಂಗಳು ಸದಾನಂದ ನಮ್ಮ ಮನೆಗೆ ಬಂದದ್ದು ಹಾಗೆ ಸಾಕ್ಷಿ ಕರೆಯುವುದಕ್ಕೆ. ಅವನು ಡಾಕ್ಟರ್ ಚಂದ್ರಮತಿಯವರ ತಂಗಿಯ ಮಗ, ಅರವತ್ತರ ಹತ್ತಿರದವನು. ಆ ಮನೆಯವರು ನಮ್ಮ ಹೊಸಿಲು ತುಳಿದು ಐವತ್ತೆರಡು ವರ್ಷವಾಗಿತ್ತು. ಅವನು ತುಳಿಯಲೂ ಇಲ್ಲ. ಹೊರಗೆ ನಿಂತು, ಚಪ್ಪಲಿ ಬಿಟ್ಟು, ಆ ಬಿಸಿಲಿನ ಕಲ್ಲಿನ ಮೇಲೆ ಪಾದ ಬದಲಿಸುತ್ತ ಮಾತಾಡಿದ. ದೊಡ್ಡಮ್ಮನ ಕಾರನ್ನು ಶುರು ಮಾಡಿಸಬೇಕೆಂದಿದ್ದೇನೆ, ನೀವು ಒಪ್ಪಿದರೆ ಮಾತ್ರ ಎಂದ.

ಯಾಕೆ ಈಗ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. "ದೊಡ್ಡಮ್ಮ ಹೋಗೋ ಮುಂಚೆ ಒಂದು ಮಾತು ಹೇಳಿದ್ರು. ಆ ಹುಡುಗಿ ಇರೋವರೆಗೂ ಈ ಕಾರು ಶುರು ಮಾಡ್ಬೇಡ ಕಣೋ, ಆದ್ರೆ ಹಾಳಾಗೋಕೂ ಬಿಡ್ಬೇಡ ಅಂತ. ಸಾಹುಕಾರ್ರ ಮಗಳು ವಿಮಲಾಂಬಮ್ಮ ಹೋದ ಆಷಾಢದಲ್ಲಿ ತೀರಿಕೊಂಡ್ರಲ್ಲ. ಇನ್ನು ಯಾರಿಗೂ ನೋವಾಗಲ್ಲ ಅಂತ ಬಂದೆ."

ನನಗೆ ಅಷ್ಟು ಸಾಕಾಗಿತ್ತು. ಸತ್ತ ಡಾಕ್ಟರಮ್ಮನೇ ತಪ್ಪು ಒಪ್ಪಿಕೊಂಡಂತಾಯಿತಲ್ಲ ಎಂದುಕೊಂಡೆ.

ಐವತ್ತೆರಡು ವರ್ಷದ ಹಿಂದಿನ ಆ ಮಧ್ಯಾಹ್ನವನ್ನು ನಾನು ಹೇಳಬೇಕು. ನನಗೆ ಆಗ ಹತ್ತೊಂಬತ್ತು. ದೂರದ ಕಾಲೇಜಿನ ಹಾಸ್ಟೆಲಿನಿಂದ ರಜೆಗೆ ಬಂದವಳು ಎರಡು ದಿನದ ಹಿಂದಷ್ಟೇ ಗಿರಿಜಕ್ಕನ ಮನೆ ಸೇರಿದ್ದೆ. ಅಕ್ಕನಿಗೆ ಚೊಚ್ಚಲು. ಬೆಳಿಗ್ಗೆಯೇ ನೋವು ಶುರುವಾಗಿ, ಊಟದ ಹೊತ್ತಿಗೆ ಅವಳ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಭಾವ ಊರಲ್ಲಿರಲಿಲ್ಲ. ಅಕ್ಕನ ಅತ್ತೆಯವರು ಓಡು ಎಂದರು, ಓಡಿದೆ. ಡಾಕ್ಟರಮ್ಮ ಊಟಕ್ಕೆ ಕೂರುವುದರಲ್ಲಿದ್ದರು. ಎದ್ದು ಕೈ ತೊಳೆದರು. ಎಲ್ಲಿ ಎಂದು ಕೇಳಿದರು, ಹೇಳಿದೆ. ನೀನು ಹೋಗಿ ದಾದಿ ಕ್ರಿಸ್ಟೀನಳನ್ನು ಕರೆದುಕೊಂಡು ಬಾ, ನಾನು ಕಾರಲ್ಲಿ ಹೋಗಿರ್ತೀನಿ ಎಂದರು. ನಾನೂ ದಾದಿಯೂ ಏದುಸಿರು ಬಿಡುತ್ತ ಗಿರಣಿ ಓಣಿಯ ಮನೆ ಸೇರಿದಾಗ ಬಾಗಿಲಲ್ಲಿ ಕಾರಿರಲಿಲ್ಲ. ಗಿರಣಿ ಓಣಿ ಡಾಕ್ಟರಮ್ಮನ ಮನೆಯಿಂದ ಬರೀ ಎರಡು ತಿರುವು.

ಅಕ್ಕನ ಉಸಿರು ಹೋದ ಮೇಲೆ ಡಾಕ್ಟರಮ್ಮ ಬಂದರು. ನಡೆದು ಬಂದರು, ಅಲ್ಲ, ಓಡಿ ಬಂದರು. ಸೀರೆಯ ಅಂಚೆಲ್ಲ ಕೆಂಪು ಧೂಳು, ಒಂದು ಕಾಲಲ್ಲಿ ಚಪ್ಪಲಿಯಿರಲಿಲ್ಲ. ಕ್ರಿಸ್ಟೀನ ಬದುಕುವುದಿಲ್ಲವೆಂದು ಕೈಬಿಟ್ಟಿದ್ದ ಮಗುವನ್ನು ಎತ್ತಿ, ಅದರ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು. ಮಗು ಅತ್ತಿತು. ಆಮೇಲೆ ಅವರು ನನ್ನ ಕಡೆ ತಿರುಗಿ, "ನೀನೇ ಅಲ್ವಾ ಬಂದು ಕರೆದಿದ್ದು?" ಎಂದರು. ಹೌದು ಎಂದೆ. ಬಹಳ ಹೊತ್ತು ನನ್ನ ಮುಖ ನೋಡಿ, "ಸರಿ" ಎಂದು ಮಾತ್ರ ಹೇಳಿ ಕೈ ತೊಳೆಯಲು ಹೋದರು.

ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಹಸಿರು ಕಾರು ಸಾಹುಕಾರರ ದೊಡ್ಡ ಗೇಟಿನ ಮುಂದೆ ನಿಂತಿತ್ತು. ಆ ದಿನ ಅಲ್ಲಿ ಅವರ ಮಗಳು ವಿಮಲಾಂಬೆಯ ಲಗ್ನಪತ್ರಿಕೆಯ ಊಟ. ಗಿರಣಿ ಓಣಿಯ ತಿರುವನ್ನು ದಾಟಿ ಮುಂದಕ್ಕೆ ಹೋಗಿ ನಿಂತ ಕಾರಿಗೆ ಬೇರೆ ಯಾವ ಅರ್ಥ? ಹಿರಿಯರು ಹೋಗಿ ಹೇಳಿದರು: ನೀವು ಊಟಕ್ಕೆ ಹೋಗಲಿಲ್ಲ ಅನ್ನೋದಾದರೆ ಕಾರು ಶುರು ಮಾಡಿ, ಅದೇ ಹೇಳುತ್ತದೆ. ಡಾಕ್ಟರಮ್ಮ ಆಗುವುದಿಲ್ಲ ಎಂದರು. ಎತ್ತು ಕಟ್ಟಿಸಿ ಕಾರನ್ನು ಎಳೆಸಿಕೊಂಡು ಹೋಗಿ ಮನೆಯ ಹಿಂದಿನ ಶೆಡ್ಡಿಗೆ ಸೇರಿಸಿ ಬೀಗ ಹಾಕಿದರು. ಆಮೇಲೆ ಬದುಕಿದ್ದ ಇಪ್ಪತ್ತೆರಡು ವರ್ಷವೂ ರೋಗಿಗಳ ಮನೆಗೆ ನಡೆದೇ ಹೋದರು. ಕರೆಯಲು ಬಂದವರಿಗೆ ವಿಳಾಸವನ್ನು ಎರಡು ಸಲ ಹೇಳಿ ಎನ್ನುವುದು ಅವರ ಅಭ್ಯಾಸವಾಯಿತು. ಹುಡುಗರು ಬೀದಿಯಲ್ಲಿ ಅದನ್ನು ಅಣಕಿಸುತ್ತಿದ್ದರು. ನಾನದನ್ನು ಅಹಂಕಾರ ಎಂದುಕೊಂಡಿದ್ದೆ.

ಭಾವ ಎರಡನೆಯ ವರ್ಷವೇ ಮತ್ತೆ ಮದುವೆಯಾಗಿ ಬೇರೆ ಊರು ಸೇರಿದರು. ಮಗು, ನನ್ನ ವನಜ, ನನ್ನ ಹತ್ತಿರ ಉಳಿಯಿತು. ನಾನು ಓದು ಮುಗಿಸಿ ಇಲ್ಲಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು, ಅವಳನ್ನು ಬೆಳೆಸಿದೆ. ನಿನ್ನ ಅಮ್ಮನನ್ನು ಒಂದು ಹೋಳಿಗೆ ಊಟ ಕೊಂದಿತು ಎಂದು ಹೇಳಿಯೇ ಬೆಳೆಸಿದೆ. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ದಡಾರ ಬಂತು. ನಾನು ಡಾಕ್ಟರಮ್ಮನಿಗೆ ಹೇಳಿಕಳಿಸಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹೊಸಿಲ ಮೇಲೆ ಔಷಧದ ಸೀಸೆ, ಎಷ್ಟು ಹೊತ್ತಿಗೆ ಎಷ್ಟು ಎಂದು ಬರೆದ ಚೀಟಿ. ಸೀಸೆಯನ್ನು ಚರಂಡಿಗೆ ಸುರಿದೆ. ಅವರ ಅಂತ್ಯಕ್ರಿಯೆಗೆ ಹೋದವರು ಆರೇಳು ಜನವಂತೆ. ನಾನು ಅದನ್ನು ಕೇಳಿ ತಿಳಿದುಕೊಂಡೆ.

ಈಗ ವನಜ ಶಾಲೆಯ ವ್ಯಾನ್ ಓಡಿಸುತ್ತಾಳೆ. ದಿನಾ ಬೆಳಿಗ್ಗೆ ಮೂವತ್ತೊಂದು ಮನೆಯ ಹೆಸರು ಹೇಳಿ ಹೊರಡುವವಳು. ಸದಾನಂದ ಬಂದುಹೋದ ವಿಷಯ ಹೇಳಿದಾಗ, "ನೀನು ಕೂತ್ಕೊಳ್ದಿದ್ರೆ ನಾನು ಕೂತ್ಕೋತೀನಿ, ಚಿಕ್ಕಮ್ಮ. ನನಗೆ ಆ ಗೇಟು ಹತ್ತಿರದಿಂದ ನೋಡಬೇಕು" ಎಂದಳು. ಕೊನೆಗೆ ಇಬ್ಬರೂ ಹೋಗುವುದೆಂದಾಯಿತು.

ಶೆಡ್ಡಿನ ಬಾಗಿಲು ತೆಗೆದಾಗ ನಾನು ಹೊಸಿಲಲ್ಲೇ ನಿಂತೆ. ಮೂವತ್ತು ವರ್ಷದಿಂದ ಸದಾನಂದ ಆ ಕಾರನ್ನು ಹಸುಗೂಸಿನ ಹಾಗೆ ನೋಡಿಕೊಂಡಿದ್ದ. ಚಕ್ರಗಳಿಗೆ ಭಾರ ಬೀಳದಂತೆ ಇಟ್ಟಿಗೆ ಕೊಟ್ಟು ಎತ್ತಿ ನಿಲ್ಲಿಸಿದ್ದ. ಮೇಲೆ ಡಾಕ್ಟರಮ್ಮನ ಹಳೆಯ ನೂಲಿನ ಸೀರೆಗಳನ್ನು ಹೊಲಿದು ಹೊದಿಸಿದ್ದ. ಇಲಿ ಬಾರದಂತೆ ಸೀಟಿನ ಸಂದಿಗಳಲ್ಲಿ ಬೇವಿನ ಸೊಪ್ಪು, ಅದೂ ವಾರವಾರ ಹೊಸದು. ಶನಿವಾರಕ್ಕೊಮ್ಮೆ ಪ್ಲಗ್ಗು ಬಿಚ್ಚಿ, ಒಂದು ಚಮಚ ಎಣ್ಣೆ ಬಿಟ್ಟು, ಹ್ಯಾಂಡಲಿನಿಂದ ಎಂಜಿನ್ನನ್ನು ಬರಿದೇ ತಿರುಗಿಸುತ್ತಿದ್ದನಂತೆ, ಕಿಡಿ ಹತ್ತದ ಹಾಗೆ. ಹೊದಿಕೆ ಸರಿಸಿದಾಗ ಹಸಿರು ಬಣ್ಣದಲ್ಲಿ ನಮ್ಮ ಮೂವರ ಮುಖವೂ ಕಂಡಿತು.

ಅದನ್ನು ರಸ್ತೆಗೆ ತರುವುದಕ್ಕೆ ಮೆಕ್ಯಾನಿಕ್ ದಸ್ತಗೀರನಿಗೆ ಮೂರು ವಾರ ಬೇಕಾಯಿತು. ಹಳೆಯ ಟೈರುಗಳು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು, ಅವನ್ನು ಬದಲಿಸಿದ. ಟ್ಯಾಂಕಿನ ತಳದಲ್ಲಿ ಬೆಲ್ಲದ ಪಾಕದಂತೆ ಗಟ್ಟಿಯಾಗಿದ್ದ ಪೆಟ್ರೋಲನ್ನು ಕೆರೆದು ತೆಗೆದ. ಬ್ರೇಕಿನ ರಬ್ಬರುಗಳನ್ನು ತಾನೇ ಕೊರೆದು ಮಾಡಿದ. ಬಾಗಿಲ ಪಕ್ಕದಲ್ಲಿ ತಿರುವಿಗೆ ಮೊದಲು ಹೊರಗೆ ಚಾಚಿಕೊಳ್ಳುವ ಸಣ್ಣ ಕೆಂಪು ಕೈ ಮಾತ್ರ ಏನು ಮಾಡಿದರೂ ಏಳಲಿಲ್ಲ. ನಾನು ದಿನಾ ಹೋಗಿ ಕೂತು ನೋಡುತ್ತಿದ್ದೆ. ನಾನು ಕೂರುವ ಜಾಗಕ್ಕೆ ಬಿಸಿಲು ಬರುವ ಹೊತ್ತಿಗೆ ದಸ್ತಗೀರ ಬಾನೆಟ್ಟಿನ ಬಾಗಿಲನ್ನು ಇನ್ನಷ್ಟು ಎತ್ತಿ ನೆರಳು ಮಾಡುತ್ತಿದ್ದ. ಒಂದು ದಿನ, ಒಳಗಿರೋದನ್ನ ನೋಡಿದ್ರೆ ಇದು ಮುಪ್ಪಾದ ಗಾಡಿಯಲ್ಲ ಅಮ್ಮಾವ್ರೆ, ಮಾತು ಬಿಟ್ಟ ಗಾಡಿ ಎಂದ.

ಹೊರಡಿಸುವ ದಿನ ಬೆಳಿಗ್ಗೆ ಊರೇ ಸೇರಿತ್ತು. ಅಂಗಡಿಯವರು ರಸ್ತೆಗೆ ಬಂದಿದ್ದ ತಟ್ಟಿಗಳನ್ನು ಒಳಗೆಳೆದುಕೊಂಡಿದ್ದರು. ಯಾರೋ ರಸ್ತೆಗೆ ನೀರು ಚಿಮುಕಿಸಿದ್ದರು, ಧೂಳಿಗೆ ನನಗೆ ಕೆಮ್ಮು ಬಾರದಿರಲೆಂದು ಹಾಗೆ ಮಾಡಿದ್ದು ಎಂದು ಆಮೇಲೆ ತಿಳಿಯಿತು. ಸಾಹುಕಾರರ ಗೇಟಿನ ಮುಂದೆ ಬೆಂಚು ಹಾಕಿಕೊಂಡು ಕೂತವರೇ ಐವತ್ತು ಜನ. ದಸ್ತಗೀರ ಸ್ಟಿಯರಿಂಗ್ ಹಿಡಿದ, ಅವನ ಪಕ್ಕ ಸದಾನಂದ. ನಾನೂ ವನಜಳೂ ಹಿಂದೆ. ಬಾಕಿ ದಾರಿಯ ಗಾಡಿಗೆ ಜಾಗ ಹೇಳುವಂತಿಲ್ಲವಲ್ಲ, ಅವನು ಕೈಮುಗಿದು ಸುಮ್ಮನೆ ಶುರು ಮಾಡಿದ. ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಎಂಜಿನ್ ಹತ್ತಿತು. ಅದರ ಸದ್ದನ್ನು ನಾನು ಅಲ್ಲಿಯವರೆಗೆ ಮರೆತಿದ್ದೆ. ಬಾಲ್ಯದಲ್ಲಿ ಆ ಸದ್ದು ಬಂದರೆ ಯಾರಿಗೋ ಗುಣವಾಗುತ್ತದೆ ಎಂದು ಹೇಳುತ್ತಿದ್ದೆವು.

ಗಿರಣಿ ಓಣಿಯ ತಿರುವಿಗೆ ಬಂದೆವು. ಪದ್ಧತಿಯಂತೆ ದಸ್ತಗೀರ ಮೊದಲು ಅಲ್ಲಿಗೆ ತಿರುಗಿಸಿ ನೋಡಬೇಕಿತ್ತು. ಆ ಗಳಿಗೆಯಲ್ಲಿ, ತಿರುಗಲಿ ಎಂದು ನನ್ನ ಮನಸ್ಸು ಬೇಡಿತು. ಐವತ್ತೆರಡು ವರ್ಷದ ದ್ವೇಷದ ಕೆಳಗೆ ಹೀಗೊಂದು ಆಸೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಅವನು ತಿರುಗಿಸಿದ. ಎಂಜಿನ್ ಆರಿತು. ಜನ ಹೂಂ ಎಂದರು. ವನಜ ನನ್ನ ಕೈ ಹಿಡಿದುಕೊಂಡಳು. ಸದಾನಂದನ ಕತ್ತು ಕುಗ್ಗಿ ಅಂಗಿಯ ಕಾಲರಿನೊಳಗೆ ಹೋಯಿತು.

ಮತ್ತೆ ಶುರು ಮಾಡಿ ಸಾಹುಕಾರರ ಗೇಟಿಗೆ ಬಂದಾಗ ಬೆಂಚಿನವರು ಎದ್ದು ನಿಂತರು. ಗೇಟು ತೆರೆದಿಟ್ಟಿದ್ದರು. ದಸ್ತಗೀರ ನಿಧಾನಕ್ಕೆ ಒಳಕ್ಕೆ ತಿರುಗಿಸಿದ. ಮುಂದಿನ ಚಕ್ರ ಗೇಟಿನ ಗೆರೆ ಮುಟ್ಟುವ ಮೊದಲೇ ಎಂಜಿನ್ ಆರಿತು.

ಅವನು ಇನ್ನೊಮ್ಮೆ ಶುರು ಮಾಡಿ ಇನ್ನೊಮ್ಮೆ ತಿರುಗಿಸಿದ. ಮತ್ತೆ ಆರಿತು. ಸಾಹುಕಾರರ ಮನೆಯ ಮುದಿ ಅಡಿಗೆಯವರು ಹೆಗಲ ಟವಲನ್ನು ತೆಗೆದು ಬಾಯಿಗೆ ಒತ್ತಿಕೊಂಡದ್ದು ನನಗೆ ಕಂಡಿತು. ದಸ್ತಗೀರ ಸ್ಟಿಯರಿಂಗನ್ನು ನೇರ ಮಾಡಿ ಕೈಯನ್ನು ಸಡಿಲ ಬಿಟ್ಟ. ಹಸಿರು ಕಾರು ಗೇಟನ್ನು ದಾಟಿ, ಜನರನ್ನು ದಾಟಿ, ಕೆರೆಯ ರಸ್ತೆಯಲ್ಲಿ ಸಲೀಸಾಗಿ ಹೊರಟಿತು.

ಸದಾನಂದ ಅಳುತ್ತಿದ್ದ. "ಊಟಕ್ಕಲ್ಲ," ಎಂದ. "ಎಲ್ಲಿಗಾದ್ರೂ ಹೋಗ್ಲಿ, ಊಟಕ್ಕಲ್ಲ." ವನಜ ಮುಂದಕ್ಕೆ ಬಾಗಿ, ಐವತ್ತೆರಡು ವರ್ಷ ನಾನು ಅವಳಿಗೆ ದ್ವೇಷಿಸಲು ಕಲಿಸಿದ್ದ ಮನೆಯವನ ಬೆನ್ನ ಮೇಲೆ ಕೈಯಿಟ್ಟಳು. ನಾನು ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದೆ. ಈ ರಸ್ತೆ ನನಗೆ ಗೊತ್ತಿತ್ತು. ಒಂದು ಮೈಲಿ ಮುಂದೆ ಕೆರೆಯ ಕೋಡಿ. ಕೋಡಿಯ ಪಕ್ಕದಲ್ಲಿ ನಾಲ್ಕೇ ನಾಲ್ಕು ಮನೆ. ಬಲಕ್ಕಿರುವ ಸಣ್ಣ ದಾರಿಯ ಹತ್ತಿರ ಬಂದಾಗ, ದಸ್ತಗೀರ ಎಬ್ಬಿಸಲಾರದೆ ಬಿಟ್ಟಿದ್ದ ಆ ಕೆಂಪು ಕೈ ಟಕ್ಕೆಂದು ಬಾಗಿಲ ಪಕ್ಕದಿಂದ ಚಾಚಿಕೊಂಡಿತು. ಕಾರು ಬಲಕ್ಕೆ ತಿರುಗಿ, ಮೂರನೆಯ ಮನೆಯ ಮುಂದೆ ಹೋಗಿ, ತಾನಾಗಿಯೇ ನಿಂತಿತು.

ಈಗ ಅಲ್ಲಿ ಒಬ್ಬಳು ದರ್ಜಿ ಹೆಂಗಸು ಇದ್ದಾಳೆ. ಅವಳು ಕೊರಳಲ್ಲಿ ಟೇಪು ಹಾಕಿಕೊಂಡೇ ಹೊರಗೆ ಬಂದು, ಯಾರು ಎಂದು ಕೇಳುವ ಮೊದಲು ಒಳಗೆ ಹೋಗಿ ಒಂದು ಚೊಂಬು ನೀರು ತಂದಳು. ಹಿಂದೆಯೇ ಸೈಕಲ್ಲುಗಳಲ್ಲಿ ಬಂದಿದ್ದವರು ಆಗಲೇ ಲೆಕ್ಕಾಚಾರ ಹಾಕುತ್ತಿದ್ದರು. ಬೇರೆ ಯಾರೋ ರೋಗಿ ಇದ್ದಿರಬೇಕು, ಅವರನ್ನು ನೋಡಿ ಆಮೇಲೆ ಗಿರಣಿ ಓಣಿಗೆ ಹೋಗುವುದೆಂದಿದ್ದಿರಬೇಕು ಎಂದರು. ಹಾಗಿದ್ದರೆ ಹೇಳಬಹುದಿತ್ತಲ್ಲ ಮಹಾತಾಯಿ ಎಂದು ಒಬ್ಬ ಮುದುಕ ನಿಟ್ಟುಸಿರು ಬಿಟ್ಟ.

"ಯಾರ ಮನೆ ಚಿಕ್ಕಮ್ಮ ಇದು? ನಿನಗೆ ಗೊತ್ತಾ?" ಎಂದಳು ವನಜ.

ಗೊತ್ತಿತ್ತು. ಈಗ ಬದುಕಿರುವವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅಕ್ಕ ಮದುವೆಯಾಗಿ ಬಂದದ್ದು ಈ ಮನೆಗೆ. ನಾನು ಹಾಸ್ಟೆಲಿನಿಂದ ಅವಳಿಗೆ ಕಾಗದ ಬರೆದದ್ದೆಲ್ಲ ಈ ಮನೆಗೆ. ಹೆರಿಗೆಗೆ ಡಾಕ್ಟರಮ್ಮ ಹತ್ತಿರವಿರಲಿ ಎಂದು ಮೂರು ವಾರದ ಹಿಂದಷ್ಟೇ ಅವರು ಗಿರಣಿ ಓಣಿಗೆ ಮನೆ ಬದಲಿಸಿದ್ದರು. ಆ ಮಧ್ಯಾಹ್ನ ಡಾಕ್ಟರಮ್ಮ ಕೈ ತೊಳೆಯುತ್ತ ಎಲ್ಲಿ ಎಂದಾಗ, ನನ್ನ ಬಾಯಿಗೆ ಬಂದದ್ದು ನಾಲ್ಕು ವರ್ಷ ಲಕೋಟೆಯ ಮೇಲೆ ಬರೆದು ಬರೆದು ಕೈಗೆ ಕೂತ ವಿಳಾಸ. ಕೆರೆಕೋಡಿ, ಮೂರನೆಯ ಮನೆ. ಹೇಳಿದ ನೆನಪು ಇಷ್ಟು ವರ್ಷ ನನ್ನಲ್ಲಿ ಇರಲೇ ಇಲ್ಲ. ಈಗ, ಬಾಗಿಲಿನ ಆ ಕೆಂಪು ಕೈಯನ್ನು ನೋಡುತ್ತಿದ್ದಂತೆ, ನನ್ನ ಹತ್ತೊಂಬತ್ತರ ದನಿ ನನ್ನ ಕಿವಿಗೇ ಕೇಳಿಸಿತು.

ಸಾಹುಕಾರರ ಗೇಟಿನ ಹತ್ತಿರ ಯಾರೋ ಡಾಕ್ಟರಮ್ಮನಿಗೆ, ಆ ಸಂಸಾರ ಈಗ ಅಲ್ಲಿಲ್ಲ ಎಂದು ಹೇಳಿರಬೇಕು. ಅವರು ಕಾರು ತಿರುಗಿಸಿರಬೇಕು, ಎಂಜಿನ್ ಆರಿರಬೇಕು. ಕೋಡಿಯವರೆಗೆ ಹೋಗಿ ಬರುವುದಕ್ಕಿಂತ ಓಡುವುದೇ ಬೇಗ ಎಂದು ಇಳಿದು ಓಡಿದ್ದಾರೆ, ಚಪ್ಪಲಿ ಕಳಚಿದ್ದೂ ಲೆಕ್ಕಿಸದೆ. ಆಮೇಲೆ, ಸತ್ತ ಅಕ್ಕನ ಮಂಚದ ಪಕ್ಕದಲ್ಲಿ, ನೀನೇ ಅಲ್ವಾ ಎಂದು ಕೇಳಿ, ನನ್ನ ಮುಖ ನೋಡಿ, ನನಗಿದು ಗೊತ್ತೇ ಇಲ್ಲ ಎಂಬುದನ್ನು ಕಂಡುಕೊಂಡಿದ್ದಾರೆ. ಸರಿ ಎಂದಿದ್ದಾರೆ. ಕಾರನ್ನು ಶುರು ಮಾಡಿದ್ದರೆ ಅದು ಊರಿನವರೆಲ್ಲರ ಎದುರು ಇಲ್ಲಿಗೆ ಬಂದು ನಿಲ್ಲುತ್ತಿತ್ತು. ಅಕ್ಕನನ್ನು ಕೊಂದವಳು ಯಾರೆಂದು ಹತ್ತೊಂಬತ್ತು ವರ್ಷದ ಹುಡುಗಿಗೆ ಅವತ್ತೇ ತಿಳಿಯುತ್ತಿತ್ತು. ಅದಕ್ಕೆ ಬದಲಾಗಿ ಅವರು ಇಪ್ಪತ್ತೆರಡು ವರ್ಷ ನಡೆದರು. ಆ ಹುಡುಗಿ ಇರೋವರೆಗೂ ಎಂದು ಅವರು ಹೇಳಿದ್ದು ಸಾಹುಕಾರರ ಮಗಳನ್ನಲ್ಲ.

ನಾನು ಸುಮ್ಮನಿರಬಹುದಿತ್ತು. ಬೇರೆ ರೋಗಿ ಎಂದು ಊರು ಆಗಲೇ ತೀರ್ಮಾನಿಸಿತ್ತು, ಡಾಕ್ಟರಮ್ಮನ ಹೆಸರೂ ಅರ್ಧಕ್ಕರ್ಧ ತೊಳೆದುಹೋಗಿತ್ತು. ವನಜ ನನ್ನನ್ನು ಇನ್ನೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು. ಅವಳ ಕೈ ನನ್ನ ಕೈಮೇಲೆ ಇತ್ತು, ವ್ಯಾನ್ ಓಡಿಸಿ ಒರಟಾದ ಕೈ. ಆ ಕೈ ನನ್ನದೊಂದೇ ಆಸ್ತಿ. ಅದನ್ನು ಮೊದಲು ಮೆಲ್ಲಗೆ ತೆಗೆದು ಅವಳ ಮಡಿಲಲ್ಲಿಟ್ಟೆ.

"ಇದು ನಿನ್ನ ಅಮ್ಮನ ಹಳೇ ಮನೆ ವನಜ," ಎಂದೆ. "ನೀನು ಹುಟ್ಟೋಕೆ ಮೂರು ವಾರ ಮುಂಚೆ ಬಿಟ್ಟಿದ್ರು. ಡಾಕ್ಟರಮ್ಮ ಎಲ್ಲಿ ಅಂದಾಗ ನಾನು ಇದನ್ನೇ ಹೇಳಿದೆ. ಅವರು ನಾನು ಹೇಳಿದ ಕಡೆಗೇ ಹೊರಟಿದ್ರು."

ಸದಾನಂದ ತಿರುಗಿ ನೋಡಿದವನು ನೋಡುತ್ತಲೇ ಉಳಿದ. ದಸ್ತಗೀರ ಕಾರಿನಿಂದ ಇಳಿದು, ಹತ್ತಿರ ಬರುತ್ತಿದ್ದ ಜನರನ್ನು ಎರಡೂ ಕೈ ಚಾಚಿ ದೂರ ನಿಲ್ಲಿಸಿದ. ವನಜ ಬಾಗಿಲು ತೆಗೆದುಕೊಂಡು ಇಳಿದು ಹೋಗಿ, ಆ ಮನೆಯ ಗೋಡೆಗೆ ಅಂಗೈ ಒತ್ತಿ, ನನಗೆ ಬೆನ್ನು ಹಾಕಿ ನಿಂತಳು. ದರ್ಜಿ ಹೆಂಗಸು ಚೊಂಬು ಹಿಡಿದುಕೊಂಡು ಅವಳ ಪಕ್ಕದಲ್ಲೇ ನಿಂತಳು, ಅಷ್ಟೇ. ಕೋಡಿಯಲ್ಲಿ ನೀರು ಹರಿಯುವ ಸದ್ದು ಕೇಳುತ್ತಿತ್ತು.

ವನಜ ಹಿಂತಿರುಗಿದಾಗ ಅವಳ ಮುಖ ನನಗೆ ಪರಿಚಯವಿಲ್ಲದ ಮುಖವಾಗಿತ್ತು. ನನ್ನ ಪಕ್ಕಕ್ಕೆ ಬರಲಿಲ್ಲ. ಹೋಗಿ ದಸ್ತಗೀರನ ಜಾಗದಲ್ಲಿ, ಸ್ಟಿಯರಿಂಗಿನ ಮುಂದೆ ಕೂತಳು. ಸದಾನಂದನಿಗೆ, ನಿಮ್ಮ ದೊಡ್ಡಮ್ಮ ನಮ್ಮ ಮನೆ ತಲುಪಿಲ್ಲ ಅಲ್ವಾ ಕಾರಲ್ಲಿ ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. ಈಗ ಆ ಕಾರಿಗೆ ಬಾಕಿ ದಾರಿ ಇರಲಿಲ್ಲ. ಯಾರು ಎಲ್ಲಿಗೆ ಹೇಳಿದರೂ ಹೋಗುತ್ತಿತ್ತು. ವನಜ ತಿರುಗಿ ನೋಡದೆಯೇ ಕೈಯನ್ನು ಹಿಂದಕ್ಕೆ ಚಾಚಿ ನನ್ನ ಮಣಿಕಟ್ಟು ಹುಡುಕಿದಳು. ಸೀಟಿನ ಮೇಲಿಂದ ನನ್ನನ್ನು ಮುಂದಕ್ಕೆಳೆದು, ನನ್ನ ಬಲಗೈಯನ್ನು ಸ್ಟಿಯರಿಂಗಿನ ಮೇಲಿಟ್ಟಳು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು.

"ಹೇಳು," ಎಂದಳು.

ಗಿರಣಿ ಓಣಿ, ಬೇವಿನ ಮರದ ಎದುರು ಮನೆ ಎಂದೆ. ಅವಳು ಶುರು ಮಾಡಲಿಲ್ಲ, ಕಾಯುತ್ತಿದ್ದಳು. ನಾನು ಇನ್ನೊಮ್ಮೆ ಹೇಳಿದೆ.